ಖಂಡೂರಿ ಸಾಹೇಬರು ಬರೆದ ಶೇ 68

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ಒಬ್ಬ ಓದುಗರು ನಿಮ್ಮ ಪತ್ರಿಕೆಗೆ ಬರೆದಿದ್ದರು. ಸೈನ್ಯದ ಅಧಿಕಾರಿಗಳಿಗೆ ರಾಜಕೀಯ ಒಗ್ಗುವುದಿಲ್ಲ, ಅವರಿಗೆ ಹುಕುಂ ಮಾಡಿ ಗೊತ್ತೇ ಹೊರತು ಜನರ ಮಾತು ಕೇಳಿ ಗೊತ್ತಿಲ್ಲ ಅನ್ನೋದು ಅವರ ವಾದ. ಕಾರ್ಯಪ್ಪನವರ ಉದಾಹರಣೆ ಕೊಟ್ಟಿದ್ದರು. ನಿಜ, ಅಷ್ಟು ದೊಡ್ಡ ಮನುಷ್ಯರು 1971ರಲ್ಲಿ ಮುಂಬೈಯಿಂದ ಲೋಕಸಭೆಗೆ ನಿಂತು ಸೋತರು. ಆದರೆ ಒಬ್ಬರು ಸೋತರು ಅಂತ ಎಲ್ಲರನ್ನೂ ಅದೇ ಅಳತೆಯಲ್ಲಿ ಅಳೆಯೋದು ನನಗೆ ಸರಿ ಕಾಣಲಿಲ್ಲ. ಆ ಪತ್ರ ಓದಿದಾಗಿನಿಂದ ನನ್ನ ತಲೆಯಲ್ಲಿ ಬೇರೆ ಒಬ್ಬರ ಹೆಸರು ಸುತ್ತುತ್ತಿದೆ. ಮೇಜರ್ ಜನರಲ್ ಭುವನ್ ಚಂದ್ರ ಖಂಡೂರಿ, ಕೇಂದ್ರದಲ್ಲಿ ಹೆದ್ದಾರಿ ಸಚಿವರಾಗಿ, ಆಮೇಲೆ ಉತ್ತರಾಖಂಡದ ಮುಖ್ಯಮಂತ್ರಿಯಾಗಿ ಇದ್ದವರು. ಕನ್ನಡ ಪತ್ರಿಕೆಗಳಲ್ಲಿ ಅವರ ಬಗ್ಗೆ ಬಂದಿದ್ದು ತುಂಬಾ ಕಡಿಮೆ, ಹಾಗಾಗಿ ಸ್ವಲ್ಪ ಉದ್ದವಾದರೂ ದಯವಿಟ್ಟು ಹಾಕಿ.

ನನ್ನ ಪರಿಚಯ ಮೊದಲು ಹೇಳಿಬಿಡುತ್ತೇನೆ. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್, ಅಂದರೆ ಸೈನ್ಯದ ಎಂಜಿನಿಯರ್ ಪಡೆಯ ಸೆಂಟರ್‌ನಲ್ಲಿ ಭರ್ತಿಯಾಗಿ 24 ವರ್ಷ ಕೆಲಸ ಮಾಡಿ, 2003ರಲ್ಲಿ ನಾಯಬ್ ಸುಬೇದಾರ್ ಆಗಿ ಪೆನ್ಶನ್ ಬಂದವನು. ಊರು ಹಿರಿಯೂರು ತಾಲ್ಲೂಕು. ಹೆದ್ದಾರಿಯಿಂದ ಎರಡು ಕಿಲೋಮೀಟರ್ ಒಳಗೆ ನಮ್ಮ ಮನೆ. ಖಂಡೂರಿ ಅವರೂ ಸೈನ್ಯದ ಎಂಜಿನಿಯರಿಂಗ್ ವಿಭಾಗದವರು. 1954ರಲ್ಲಿ ಸೇರಿ 1990ರಲ್ಲಿ ಮೇಜರ್ ಜನರಲ್ ಆಗಿ ಹೊರಬಂದರು, 36 ವರ್ಷ. ನಾನು ಅವರ ಕೈಕೆಳಗೆ ಕೆಲಸ ಮಾಡಿಲ್ಲ, ಒಮ್ಮೆಯೂ ಮುಖ ನೋಡಿಲ್ಲ. ಅವರ ಪಕ್ಷದವನೂ ಅಲ್ಲ. ಆದರೆ ಒಂದೇ ವಿಭಾಗದ ಅನ್ನ ತಿಂದವರು ನಾವು, ಅವರ ಕೆಲಸ ನೋಡಿದರೆ ಕೆಲವು ವಿಷಯ ನನಗೆ ಬೇಗ ಅರ್ಥವಾಗುತ್ತದೆ.

ಜನ ಸಾಮಾನ್ಯವಾಗಿ ಫೌಜಿ ಅಂದ ಕೂಡಲೇ ಬಂದೂಕು ಹಿಡಿದವನು ಅಂದುಕೊಳ್ತಾರೆ. ಸ್ಯಾಪರ್ ಕೆಲಸ ಬೇರೆ. ರಸ್ತೆ ಕಡಿಯಬೇಕು, ಮೈನ್ ತೆಗೆಯಬೇಕು, ಹೊಳೆಗೆ ಸೇತುವೆ ಹಾಕಬೇಕು. ಬೈಲಿ ಬ್ರಿಡ್ಜ್ ಅಂತ ಒಂದು ಬರುತ್ತದೆ, ಕಬ್ಬಿಣದ ಪ್ಯಾನೆಲ್‌ಗಳನ್ನು ಒಂದಕ್ಕೊಂದು ಪಿನ್ ಹಾಕಿ ಸೇರಿಸಿ ಕಟ್ಟೋದು. ಒಂದು ಪ್ಯಾನೆಲ್ 10 ಅಡಿ ಉದ್ದ, ತೂಕ ಸುಮಾರು 260 ಕಿಲೋ. ಆರು ಜನ ಎತ್ತಬೇಕು. ಎಲ್ಲರೂ ಒಟ್ಟಿಗೆ ಎತ್ತಿ ಒಟ್ಟಿಗೆ ಇಳಿಸಬೇಕು, ಒಬ್ಬ ಅರ್ಧ ಕ್ಷಣ ಮೊದಲು ಕೈ ಬಿಟ್ಟರೆ ಪಕ್ಕದವನ ಕಾಲು ಹೋಯಿತು ಅಂತಲೇ ಲೆಕ್ಕ. ಸೇತುವೆ ಮುಗಿದ ಮೇಲೆ ಅದರ ಬಾಯಲ್ಲಿ ಒಂದು ಹಳದಿ ಬೋರ್ಡು ನಿಲ್ಲಿಸ್ತೀವಿ. ಅದರ ಮೇಲೆ ಕಪ್ಪು ಬಣ್ಣದಲ್ಲಿ ಒಂದು ನಂಬರ್, ಆ ಸೇತುವೆ ಎಷ್ಟು ಭಾರದ ಗಾಡಿ ತಡೆಯುತ್ತದೆ ಅನ್ನೋ ಕ್ಲಾಸ್ ನಂಬರ್. ಟ್ಯಾಂಕ್ ದಾಟಿಸೋಕೆ ಕಾಯ್ತಾ ಇರೋ ಕಮಾಂಡರ್ ಎಷ್ಟೇ ದೊಡ್ಡವನಾಗಿರಲಿ, ಎಷ್ಟೇ ಅರ್ಜೆಂಟ್ ಇರಲಿ, ಆ ನಂಬರನ್ನು ಒಂದೂ ಹೆಚ್ಚು ಮಾಡಿ ಬರೆಯೋ ಹಾಗಿಲ್ಲ. ಬರೆದರೆ ನದಿ ಮಧ್ಯದಲ್ಲಿ ಸತ್ಯ ಗೊತ್ತಾಗುತ್ತದೆ. ನಾವು ಸೇರಿದ ಹೊಸತರಲ್ಲೇ ಕಲಿಸಿದ ಪಾಠ ಇದು. ಇದನ್ನು ಯಾಕೆ ಇಷ್ಟು ಬರೆದೆ ಅಂತ ಮುಂದೆ ಗೊತ್ತಾಗುತ್ತದೆ.

ಖಂಡೂರಿ 1991ರಲ್ಲಿ, ಆಗ ಉತ್ತರ ಪ್ರದೇಶದಲ್ಲಿದ್ದು ಈಗ ಉತ್ತರಾಖಂಡಕ್ಕೆ ಸೇರಿದ ಗಢವಾಲ್ ಕ್ಷೇತ್ರದಿಂದ ಬಿಜೆಪಿ ಟಿಕೆಟ್‌ನಲ್ಲಿ ಮೊದಲ ಸಲ ಲೋಕಸಭೆಗೆ ಬಂದರು. ಅವರಿಗೆ ದಾರಿ ಸುಲಭ ಮಾಡಿದ ಎರಡು ಸಂಗತಿಗಳನ್ನು ಮುಚ್ಚಿಡಬಾರದು. ಉತ್ತರ ಪ್ರದೇಶದ ಮುಖ್ಯಮಂತ್ರಿಯಾಗಿದ್ದ ಹೇಮವತಿ ನಂದನ ಬಹುಗುಣ ಅವರಿಗೆ ಹತ್ತಿರದ ಸಂಬಂಧಿ, ಗಢವಾಲ್ ಬಹುಗುಣರೂ ಗೆದ್ದಿದ್ದ ಕ್ಷೇತ್ರ. ಇನ್ನೊಂದು, ಗಢವಾಲ್ ಅಂದರೆ ಫೌಜಿಗಳ ಊರು. ಗಢವಾಲ್ ರೈಫಲ್ಸ್‌ನ ಸೆಂಟರ್ ಇರೋದು ಅಲ್ಲಿನ ಲ್ಯಾನ್ಸ್‌ಡೌನ್‌ನಲ್ಲಿ. ನಮ್ಮ ಕೊಡಗಿನ ಹಾಗೆ ಅಲ್ಲೂ ಸೈನ್ಯಕ್ಕೆ ಹೋಗೋದು ಮನೆತನದ ರೂಢಿ. ಅಲ್ಲಿ ಜನರಲ್ ಸಾಹೇಬರು ಬಂದರೆ ಯಾರೂ ಹೊರಗಿನವರು ಅನ್ನಲ್ಲ. ಆದರೂ 1996ರಲ್ಲಿ ಸೋತರು. ಆಮೇಲೆ 1998, 1999, 2004, ಮೂರು ಸಲ ಸತತವಾಗಿ ಗೆದ್ದರು. ಸೋತ ಮೇಲೆ ಊರು ಬಿಡಲಿಲ್ಲ, ಅಲ್ಲೇ ಇದ್ದು ಮತ್ತೆ ಗೆದ್ದರು. ಸೈನ್ಯದವರು ಜನರ ಮಾತು ಕೇಳಲ್ಲ ಅನ್ನುವವರು ಈ ವರ್ಷಗಳನ್ನು ನೋಡಬೇಕು.

ಈಗ ನಮ್ಮ ರಸ್ತೆ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಕರ್ನಾಟಕದವರಿಗೆ ಖಂಡೂರಿ ಅವರ ಕೆಲಸ ತಲುಪಿದ್ದು ಅದರಿಂದ.

ನಾನು ರಜೆಗೆ ಬರುತ್ತಿದ್ದ ಕಾಲದಲ್ಲಿ ಬೆಂಗಳೂರಿನಿಂದ ಹಿರಿಯೂರಿಗೆ 160 ಕಿಲೋಮೀಟರ್ ದಾಟೋಕೆ ಐದು ತಾಸು ಬೇಕಿತ್ತು. ಎರಡೇ ಲೇನ್, ಎರಡೂ ಕಡೆ ಹುಣಸೆ ಮರ, ಎದುರಿಗೆ ಒಂದೇ ಕಣ್ಣಿನ ಲಾರಿಗಳು. ಟ್ರಂಕು ಕಾಲ ಕೆಳಗೆ ಇಟ್ಟುಕೊಂಡು ಕೆಂಪು ಬಸ್ಸಿನ ಮುಂದಿನ ಸೀಟಿನಲ್ಲಿ ಕೂತರೆ ನಿದ್ದೆ ಬರುತ್ತಿರಲಿಲ್ಲ. ಎದುರಿನ ಲೈಟು ಒಂದು ಬೈಕಿನದ್ದೋ, ಒಂದು ದೀಪ ಕೆಟ್ಟ ಲಾರಿಯದ್ದೋ ಅಂತ ಹತ್ತಿರ ಬರೋತನಕ ಗೊತ್ತಾಗುತ್ತಿರಲಿಲ್ಲ. 1994ರಲ್ಲಿ ನನ್ನ ಚಿಕ್ಕಪ್ಪನ ಮಗ ಈರುಳ್ಳಿ ಲೋಡ್ ಜೊತೆ ಯಶವಂತಪುರಕ್ಕೆ ಹೋಗುವಾಗ ಹಾಗೇ ಮುಖಾಮುಖಿ ಡಿಕ್ಕಿಯಲ್ಲಿ ಸತ್ತ. ನಾನಾಗ ಸಿಕ್ಕಿಂನಲ್ಲಿದ್ದೆ. ತಂತಿ ಬಂದು ನನ್ನ ಕೈ ಸೇರುವಷ್ಟರಲ್ಲಿ ಒಂಬತ್ತನೇ ದಿನದ ಕಾರ್ಯ ಮುಗಿದಿತ್ತು.

ವಾಜಪೇಯಿ ಅವರ ಕಾಲದಲ್ಲಿ ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಾ ಸೇರಿಸೋ ಸುವರ್ಣ ಚತುಷ್ಪಥ ಯೋಜನೆ ಬಂತು. ಒಟ್ಟು 5,846 ಕಿಲೋಮೀಟರ್, ಅದರಲ್ಲಿ ಕರ್ನಾಟಕದ ಪಾಲು 600 ಕಿಲೋಮೀಟರ್‌ಗಿಂತ ಜಾಸ್ತಿ. ನಿಪ್ಪಾಣಿಯಿಂದ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ನಮ್ಮ ಹಿರಿಯೂರು, ಶಿರಾ, ತುಮಕೂರು, ಬೆಂಗಳೂರು, ಆಮೇಲೆ ಹೊಸೂರು ಕಡೆಗೆ. ಯೋಜನೆ ಘೋಷಣೆ ಮಾಡಿದ್ದು ವಾಜಪೇಯಿ, ಅದರ ಕೀರ್ತಿ ಅವರದ್ದೇ. ಆದರೆ ಘೋಷಣೆಯಾದ ಕೆಲಸವನ್ನು ನೆಲಕ್ಕೆ ಇಳಿಸುವ ಹೊಣೆ 2000ದ ನವೆಂಬರ್‌ನಲ್ಲಿ ಖಂಡೂರಿ ಅವರ ಹೆಗಲಿಗೆ ಬಂತು. ಮೊದಲು ಕೇಂದ್ರದ ಹೆದ್ದಾರಿ ಖಾತೆಯ ರಾಜ್ಯ ಸಚಿವರು, 2003ರಲ್ಲಿ ಸಂಪುಟ ದರ್ಜೆ. ಅದೇ 2000ದ ಡಿಸೆಂಬರ್‌ನಲ್ಲಿ ಕೇಂದ್ರ ರಸ್ತೆ ನಿಧಿ ಕಾನೂನು ಆಯಿತು. ಪೆಟ್ರೋಲ್, ಡೀಸೆಲ್ ಮೇಲೆ ಲೀಟರ್‌ಗೆ ಒಂದು ರೂಪಾಯಿಯಂತೆ ಆಗಲೇ ಶುರುವಾಗಿದ್ದ ಸೆಸ್ ದುಡ್ಡು ರಸ್ತೆಗೇ ಹೋಗಬೇಕು, ಬೇರೆಲ್ಲೂ ಹೋಗೋ ಹಾಗಿಲ್ಲ ಅಂತ. ಹಳ್ಳಿ ರಸ್ತೆಗೂ ಅದರಲ್ಲಿ ಪಾಲು ಇತ್ತು. ಪ್ರತಿ ವರ್ಷ ಹಣಕಾಸು ಇಲಾಖೆ ಮುಂದೆ ಕೈ ಚಾಚೋದು ತಪ್ಪಿದ್ದಕ್ಕೇ ಆ ಕೆಲಸ ಓಡಿತು. ಎಂಜಿನಿಯರ್ ಆದವನಿಗೆ ಇದು ಗೊತ್ತಿರುತ್ತದೆ, ಸಾಮಾನು ಮೊದಲೇ ಬಂದು ಬಿದ್ದಿದ್ದರೆ ಮಾತ್ರ ಸೇತುವೆ ಹೇಳಿದ ದಿನಕ್ಕೆ ಏಳುತ್ತದೆ.

ನಾನು ಪೆನ್ಶನ್ ಬಂದಾಗ ನಮ್ಮ ಕಡೆ ಹೆದ್ದಾರಿ ಪೂರ್ತಿ ಅಗೆದು ಹಾಕಿದ್ದರು. ನನಗೆ ಬೇರೆ ಕೆಲಸ ಇರಲಿಲ್ಲ, ದಿನಾ ಸಂಜೆ ಹೋಗಿ ನೋಡುತ್ತಿದ್ದೆ. ಮಣ್ಣು ಹಾಕಿ ರೋಲರ್ ಓಡಿಸಿದ ಮೇಲೆ ಒಬ್ಬ ಹುಡುಗ ಬಂದು ಚಿಕ್ಕ ಗುಂಡಿ ತೋಡಿ, ಅದಕ್ಕೆ ಅಳತೆ ಮಾಡಿದ ಮರಳು ಸುರಿದು ಮಣ್ಣಿನ ಬಿಗಿ ಪರೀಕ್ಷೆ ಮಾಡುತ್ತಿದ್ದ. ಬಿಗಿ ಸಾಲದಿದ್ದರೆ ಮತ್ತೆ ರೋಲರ್. ಅವನು ಹಾಗೆ ಮಾಡಿದ ಕಡೆ ರಸ್ತೆ ಇವತ್ತಿಗೂ ಕೂತಿಲ್ಲ. ಈಗ ಈರುಳ್ಳಿ ಮೂರು ತಾಸಿನಲ್ಲಿ ಯಶವಂತಪುರ ಸೇರುತ್ತದೆ. ಮಧ್ಯೆ ಡಿವೈಡರ್ ಬಂದ ಮೇಲೆ ಮುಖಾಮುಖಿ ಡಿಕ್ಕಿ ನಮ್ಮ ಕಡೆ ಅಪರೂಪ.

ಹಾಗಂತ ಎಲ್ಲ ಸರಿಯಾಯಿತು ಅಂತ ನಾನು ಹೇಳಲ್ಲ. ರಸ್ತೆ ಹಾಕಿದವರು ಉದ್ದ ನೋಡಿದರು, ಅಡ್ಡ ದಾಟುವವರನ್ನು ಸರಿಯಾಗಿ ನೋಡಲಿಲ್ಲ. ಊರು ಒಂದು ಕಡೆ, ಹೊಲ ಇನ್ನೊಂದು ಕಡೆ ಆದವರು ಎಮ್ಮೆ ಹೊಡಕೊಂಡು, ತಲೆ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡು ನೂರರ ಸ್ಪೀಡಿನಲ್ಲಿ ಬರೋ ಕಾರುಗಳ ಮುಂದೆ ಓಡಬೇಕಾಯಿತು. ಎಷ್ಟೋ ಕಡೆ ಸರ್ವಿಸ್ ರಸ್ತೆ, ಅಂಡರ್‌ಪಾಸ್ ಬಂದಿದ್ದು ಜನ ಸತ್ತು ರಸ್ತೆ ತಡೆ ಮಾಡಿದ ಮೇಲೆ. ಹುಬ್ಬಳ್ಳಿ–ಧಾರವಾಡ ಬೈಪಾಸ್ ಎರಡೇ ಲೇನ್ ಆಗಿ ಉಳಿದು ಎಷ್ಟು ಜೀವ ತೆಗೆದುಕೊಂಡಿತು ಅಂತ ನಿಮ್ಮ ಪತ್ರಿಕೆಯೇ ಎಷ್ಟು ಸಲ ಬರೆದಿದೆ.

ಇನ್ನೊಂದು ವಿಷಯ ಬರೆಯದಿದ್ದರೆ ನನ್ನ ಮನಸ್ಸಿಗೆ ಒಪ್ಪಲ್ಲ. ಸತ್ಯೇಂದ್ರ ದುಬೆ. ಕಾನ್ಪುರ ಐಐಟಿಯಲ್ಲಿ ಓದಿದ ಸಿವಿಲ್ ಎಂಜಿನಿಯರ್, ಇದೇ ಯೋಜನೆಯಲ್ಲಿ ಜಾರ್ಖಂಡ್‌ನ ಕೊಡರ್ಮಾ ಕಡೆ ಕೆಲಸ ಮಾಡುತ್ತಿದ್ದವರು. ಅಲ್ಲಿ ನಡೆಯುತ್ತಿದ್ದ ಅಕ್ರಮದ ಬಗ್ಗೆ ಪ್ರಧಾನಿಗೆ ಪತ್ರ ಬರೆದು, ನನ್ನ ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಂಡಿದ್ದರು. ಪತ್ರ ಕೈಯಿಂದ ಕೈಗೆ ಹೋಯಿತು, ಹೆಸರು ಉಳಿಯಲಿಲ್ಲ. 2003ರ ನವೆಂಬರ್ 27ರಂದು ಬಿಹಾರದ ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ದರೋಡೆಗಾಗಿ ಕೊಂದಿದ್ದು ಅಂತ ಸಿಬಿಐ ಹೇಳಿತು, ಮೂವರಿಗೆ ಶಿಕ್ಷೆಯೂ ಆಯಿತು. ಆದರೆ ಒಬ್ಬ ಹುಡುಗ ನಂಬಿ ಬರೆದ ಪತ್ರವನ್ನು ನಮ್ಮ ದೇಶ ಕಾಪಾಡಲಿಲ್ಲ ಅನ್ನೋದು ಕೋರ್ಟ್ ತೀರ್ಪಿನಿಂದ ಅಳಿಸಿಹೋಗಲ್ಲ. ಆಗ ಹೆದ್ದಾರಿ ಸಚಿವರು ಖಂಡೂರಿಯವರೇ. ಪತ್ರ ಬಯಲಾಗಿದ್ದರಲ್ಲಿ ಅವರ ತಪ್ಪು ಇತ್ತು ಅಂತ ನಾನು ಹೇಳುತ್ತಿಲ್ಲ, ಆದರೆ ಪಲ್ಟನ್‌ನಲ್ಲಿ ಒಬ್ಬ ಜವಾನ ಸತ್ತರೆ ಕಮಾಂಡರ್ ಹೊಣೆ ಹೊರುತ್ತಾನೆ. ನಾವು ಹಾಗೇ ಬೆಳೆದವರು. ಅವರ ರಸ್ತೆ ಹೊಗಳುವವರು ದುಬೆ ಹೆಸರನ್ನೂ ಹೇಳಬೇಕು.

2007ರಲ್ಲಿ ಅವರು ಉತ್ತರಾಖಂಡದ ಮುಖ್ಯಮಂತ್ರಿ ಆದರು. ಸಂಸದರಾಗಿದ್ದರಿಂದ ವಿಧಾನಸಭೆಗೆ ಆರಿಸಿಬರಬೇಕಿತ್ತು. ಆಗ ಧುಮಾಕೋಟ್ ಕ್ಷೇತ್ರ ಬಿಟ್ಟುಕೊಟ್ಟಿದ್ದು ಯಾರು ಗೊತ್ತಾ? ಕಾಂಗ್ರೆಸ್ ಶಾಸಕರಾಗಿದ್ದ ನಿವೃತ್ತ ಲೆಫ್ಟಿನೆಂಟ್ ಜನರಲ್ ಟಿ.ಪಿ.ಎಸ್. ರಾವತ್. ಒಬ್ಬ ಜನರಲ್‌ಗೆ ಇನ್ನೊಬ್ಬ ಜನರಲ್ ಸೀಟು ಬಿಟ್ಟರು, ಆಮೇಲೆ ಖಂಡೂರಿ ಖಾಲಿ ಮಾಡಿದ ಗಢವಾಲ್ ಲೋಕಸಭೆ ಸೀಟಿಗೆ ರಾವತ್ ಬಿಜೆಪಿಯಿಂದ ಗೆದ್ದರು. ಇದು ಪಕ್ಕಾ ರಾಜಕೀಯವೇ, ಇದನ್ನು ನಾನು ದೊಡ್ಡ ಗುಣ ಅಂತ ತೋರಿಸೋಕೆ ಹೋಗಲ್ಲ.

ಮುಖ್ಯಮಂತ್ರಿಯಾಗಿ ಅವರು ಕಟ್ಟುನಿಟ್ಟು ಅಂತ ಹೆಸರು ಮಾಡಿದರು, ಅದೇ ಅವರಿಗೆ ಮುಳುವೂ ಆಯಿತು. ಸ್ವಂತ ಪಕ್ಷದ ಶಾಸಕರೇ ಮುನಿಸಿಕೊಂಡರು. 2009ರ ಲೋಕಸಭೆ ಚುನಾವಣೆಯಲ್ಲಿ ರಾಜ್ಯದ ಐದಕ್ಕೆ ಐದೂ ಸೀಟು ಹೋದವು, ರಾಜೀನಾಮೆ ಕೊಟ್ಟರು. ಎರಡು ವರ್ಷದ ಮೇಲೆ, 2011ರ ಸೆಪ್ಟೆಂಬರ್‌ನಲ್ಲಿ ಪಕ್ಷವೇ ಮತ್ತೆ ಕರೆತಂದು ಕೂರಿಸಿತು. ಸಿಕ್ಕಿದ್ದು ಬರೀ ಆರು ತಿಂಗಳು. ಆ ಆರು ತಿಂಗಳಲ್ಲೇ ಮುಖ್ಯಮಂತ್ರಿಯನ್ನೂ ತನಿಖೆಗೆ ಒಳಪಡಿಸುವ ಲೋಕಾಯುಕ್ತ ಮಸೂದೆಯನ್ನು ಪಾಸ್ ಮಾಡಿಸಿದರು. ಅದೇ ವರ್ಷ ನಮ್ಮಲ್ಲಿ ಲೋಕಾಯುಕ್ತದ ಗಣಿ ವರದಿ ಬಂದು ಮುಖ್ಯಮಂತ್ರಿ ಕುರ್ಚಿಯೇ ಅಲ್ಲಾಡಿದ್ದನ್ನು ನೋಡಿದವರಿಗೆ ಗೊತ್ತು, ಅಧಿಕಾರದಲ್ಲಿ ಇದ್ದವನೇ ಅಂಥ ಕಾನೂನು ತರೋದು ಎಷ್ಟು ಕಷ್ಟ ಅಂತ. ನಂತರ ಬಂದ ಸರ್ಕಾರ ಅದನ್ನು ಜಾರಿಗೆ ತರಲಿಲ್ಲ.

2012ರ ವಿಧಾನಸಭೆ ಚುನಾವಣೆ. 'ಖಂಡೂರಿ ಹೈ ಜರೂರಿ', ಅಂದರೆ ಖಂಡೂರಿ ಬೇಕೇ ಬೇಕು ಅನ್ನೋದು ಬಿಜೆಪಿ ಘೋಷಣೆ. ಅವರ ಹೆಸರಿನ ಮೇಲೆ ಪಕ್ಷ 31 ಸೀಟು ಗೆದ್ದಿತು, ಕಾಂಗ್ರೆಸ್ 32. ಒಂದೇ ಒಂದು ಸೀಟಿನ ವ್ಯತ್ಯಾಸ. ಯಾರ ಹೆಸರಿನಲ್ಲಿ ಊರೂರು ಪೋಸ್ಟರ್ ಅಂಟಿಸಿದ್ದರೋ ಅವರೇ ಕೋಟದ್ವಾರದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತಿದ್ದರು. ಇಂಥ ಸೋಲು ಕಂಡ 77 ವರ್ಷದ ಮನುಷ್ಯ ಮನೆಯಲ್ಲಿ ಕೂತಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಎರಡು ವರ್ಷಕ್ಕೆ ಮತ್ತೆ ಗಢವಾಲ್‌ನಿಂದ ನಿಂತು ಗೆದ್ದು ಸಂಸತ್ತಿಗೆ ಹೋದರು.

ನಾನು ಈ ಪತ್ರ ಬರೆಯೋಕೆ ಕೂತಿದ್ದು ಇಲ್ಲಿಂದ ಮುಂದಿನ ಮಾತಿಗೆ.

2014ರಲ್ಲಿ ಅವರು ರಕ್ಷಣೆಗೆ ಸಂಬಂಧಿಸಿದ ಸಂಸದೀಯ ಸ್ಥಾಯಿ ಸಮಿತಿಯ ಅಧ್ಯಕ್ಷರಾದರು. ಈ ಸಮಿತಿ ಏನು ಮಾಡುತ್ತದೆ ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಲೋಕಸಭೆಯ 21, ರಾಜ್ಯಸಭೆಯ 10, ಒಟ್ಟು 31 ಸದಸ್ಯರು, ಎಲ್ಲ ಪಕ್ಷದವರೂ ಇರುತ್ತಾರೆ. ರಕ್ಷಣಾ ಇಲಾಖೆಯ ಅಧಿಕಾರಿಗಳು, ಸೈನ್ಯದ ಹಿರಿಯರು ಅಲ್ಲಿ ಬಂದು ಕೂತು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಸಮವಸ್ತ್ರದಲ್ಲಿ ಇರುವವರು ಹೊರಗೆ ಬಾಯಿ ಬಿಡೋ ಹಾಗಿಲ್ಲ, ಬಿಡಲೂಬಾರದು. ಅವರು ಇದ್ದದ್ದು ಇದ್ದ ಹಾಗೆ ಹೇಳಬಹುದಾದ ಜಾಗಗಳಲ್ಲಿ ಇದು ಒಂದು.

2018ರ ಮಾರ್ಚ್‌ನಲ್ಲಿ ಆ ಸಮಿತಿಯ ವರದಿ ಸಂಸತ್ತಿಗೆ ಬಂತು. ಸೇನೆಯ ಉಪ ಮುಖ್ಯಸ್ಥರು ಸಮಿತಿ ಮುಂದೆ ಹೇಳಿದ್ದು ಅದರಲ್ಲಿತ್ತು. ಸೇನೆ ಹತ್ತಿರ ಇರುವ ಸಾಮಗ್ರಿಯಲ್ಲಿ ಶೇ 68 ಹಳೇ ಕಾಲದ್ದು. ಶೇ 24 ಈಗಿನ ಕಾಲಕ್ಕೆ ತಕ್ಕದ್ದು. ತೀರಾ ಆಧುನಿಕ ಅನ್ನಬಹುದಾದ್ದು ಬರೀ ಶೇ 8. ಆಧುನೀಕರಣಕ್ಕೆ ಆ ವರ್ಷ ಕೊಟ್ಟಿದ್ದು 21,338 ಕೋಟಿ ರೂಪಾಯಿ. ಆದರೆ ಆಗಲೇ ಒಪ್ಪಂದ ಆಗಿದ್ದ 125 ಖರೀದಿಗಳಿಗೆ ಕಟ್ಟಬೇಕಾಗಿದ್ದ ಕಂತೇ 29,033 ಕೋಟಿ. ಅಂದರೆ ಹೊಸದು ತರೋದು ಆಮೇಲಿನ ಮಾತು, ಹಳೇ ಬಾಕಿಗೇ ದುಡ್ಡು ಸಾಲದು. ನಾನು ಆ ಸಾಲುಗಳನ್ನು ಓದಿದ್ದು ಮಗನ ಮೊಬೈಲಿನಲ್ಲಿ, ಇಂಗ್ಲಿಷಿನಲ್ಲಿ, ಅರ್ಥವಾಗದ ಕಡೆ ಅವನನ್ನೇ ಕೇಳಿಕೊಂಡು. ಓದಿ ಮುಗಿಸಿ ಸುಮ್ನೆ ಜಗಲಿ ಮೇಲೆ ಕೂತುಬಿಟ್ಟೆ. ನನಗೆ ಆ ಹಳದಿ ಬೋರ್ಡು ನೆನಪಾಯಿತು.

ಕೇಂದ್ರದಲ್ಲಿ ಇದ್ದಿದ್ದು ಅವರದೇ ಪಕ್ಷದ ಸರ್ಕಾರ. ಸಮಿತಿಯಲ್ಲೂ ಅವರ ಪಕ್ಷದವರೇ ಜಾಸ್ತಿ. ಒಂದು ವರ್ಷದಲ್ಲಿ ಲೋಕಸಭೆ ಚುನಾವಣೆ. ಇಂಥ ಹೊತ್ತಿನಲ್ಲಿ ಆ ಅಂಕಿಗಳನ್ನು ಮೆತ್ತಗೆ ಮಾಡಿ ಬರೆಯೋದು, ಇಲ್ಲವೇ ಯಾವುದೋ ಮೂಲೆಯಲ್ಲಿ ಹಾಕೋದು ಸುಲಭ ಇತ್ತು. ಅವರ ಸಮಿತಿ ಹಾಗೆ ಮಾಡಲಿಲ್ಲ. ಇದ್ದ ನಂಬರನ್ನೇ ಬರೆದು, ದುಡ್ಡು ಸಾಲದು ಅಂತ ಸರ್ಕಾರಕ್ಕೆ ನೇರವಾಗಿ ಹೇಳಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸಮಿತಿಗಳನ್ನು ಮತ್ತೆ ರಚಿಸಿದಾಗ ಖಂಡೂರಿ ಅಧ್ಯಕ್ಷರಾಗಿ ಇರಲಿಲ್ಲ, ಆ ಜಾಗಕ್ಕೆ ಕಲರಾಜ್ ಮಿಶ್ರಾ ಬಂದರು. ಸಮಿತಿಯನ್ನು ಪ್ರತಿ ವರ್ಷ ಹೊಸದಾಗಿ ಮಾಡುವ ಪದ್ಧತಿ ಇದೆ, ಖಂಡೂರಿಯವರಿಗೆ ಆಗ 84 ತುಂಬುತ್ತಿತ್ತು, ಅದಕ್ಕೇ ಬದಲಿಸಿದರು ಅಂತ ಯಾರಾದರೂ ಅಂದರೆ ನಾನು ಜಗಳಕ್ಕೆ ಬರಲ್ಲ. ಪ್ರಶ್ನೆ ಕೇಳಿದ್ದಕ್ಕೆ ತೆಗೆದರು ಅಂತ ಕಾಂಗ್ರೆಸ್‌ನವರು 2019ರ ಚುನಾವಣೆಯಲ್ಲಿ ಹೇಳಿದರು, ಖಂಡೂರಿಯವರ ಮಗ ಆ ಪಕ್ಷ ಸೇರಿ ಗಢವಾಲ್‌ನಲ್ಲಿ ನಿಂತು ಸೋತರು. 2022ರಲ್ಲಿ ಮಗಳು ಬಿಜೆಪಿಯಿಂದ, ತಂದೆ ಸೋತಿದ್ದ ಅದೇ ಕೋಟದ್ವಾರದಲ್ಲಿ ಗೆದ್ದು ಉತ್ತರಾಖಂಡ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆದರು. ಈ ಪಕ್ಷದ ಲೆಕ್ಕಾಚಾರಗಳಲ್ಲಿ ನನಗೆ ಆಸಕ್ತಿ ಇಲ್ಲ. ವರದಿ ಅಲ್ಲೇ ಇದೆ, ಅದರಲ್ಲಿರೋ ಅಂಕಿಯನ್ನು ಯಾರೂ ಅಳಿಸಿಲ್ಲ. ಜನ ಅವರನ್ನು ರಸ್ತೆ ಜನರಲ್ ಅಂತ ನೆನೆಸಿಕೊಳ್ಳಲಿ, ನನ್ನ ಪಾಲಿಗೆ ಅವರ 27 ವರ್ಷದ ರಾಜಕೀಯದಲ್ಲಿ ಅತ್ಯಂತ ದೊಡ್ಡ ಕೆಲಸ ಆ ವರದಿ.

ಇದಕ್ಕೇ ಮೊನ್ನೆಯ ಪತ್ರ ಬರೆದವರಿಗೆ ನನ್ನ ಉತ್ತರ ಬೇರೆ. ಸೈನ್ಯದಿಂದ ಬಂದವರು ಗೆಲ್ತಾರೋ ಸೋಲ್ತಾರೋ ಅನ್ನೋದನ್ನು ಮತದಾರರು ನೋಡಿಕೊಳ್ತಾರೆ. ನಾವು ಕೇಳಬೇಕಾಗಿರೋದು, ಅಲ್ಲಿ ಹೋಗಿ ಕೂತ ಮೇಲೆ ಗಡಿಯಲ್ಲಿ ನಿಂತ ಹುಡುಗನಿಗೋಸ್ಕರ ಏನು ಕೇಳಿದರು ಅಂತ. ಯಾವುದೇ ಪಕ್ಷಕ್ಕೆ ನಿವೃತ್ತ ಅಧಿಕಾರಿ ಸೇರಿದ ದಿನ ನೀವು ಮೆಡಲ್ ಹಾಕಿಕೊಂಡ ಹಳೇ ಫೋಟೊ ಹಾಕ್ತೀರಿ. ಸಂತೋಷ. ಅವರು ಸಂಸತ್ತಿಗೆ ಹೋಗಿ ಮೂರು ವರ್ಷ ಆದ ಮೇಲೆ, ಯಾವ ಸಮಿತಿಯಲ್ಲಿದ್ದಾರೆ, ಏನು ಪ್ರಶ್ನೆ ಕೇಳಿದರು ಅಂತಲೂ ಹಾಕಿ.

ನಿಮ್ಮಲ್ಲಿ ಒಂದು ಕೋರಿಕೆ ಇದೆ. ಈ ರಕ್ಷಣಾ ಸಮಿತಿಯ ವರದಿಗಳು ವರ್ಷವೂ ಬರುತ್ತವೆ. ನಮಗೆ ಸಿಗೋದು ಇಂಗ್ಲಿಷ್, ಹಿಂದಿಯಲ್ಲಿ. ಕೊಡಗು, ಹಾಸನ, ಬೆಳಗಾವಿ, ನಮ್ಮ ಚಿತ್ರದುರ್ಗದ ಎಷ್ಟೋ ಮನೆಗಳಿಂದ ಮಕ್ಕಳು ಸೈನ್ಯದಲ್ಲಿದ್ದಾರೆ. ನಮ್ಮ ಪಕ್ಕದ ಬೀದಿಯ ಹುಡುಗ ಅಗ್ನಿವೀರ ಆಗಿ ಹೋಗಿದ್ದಾನೆ. ಹೊರಡೋ ದಿನ ಬೆಳಿಗ್ಗೆ ಅವನ ತಾಯಿ ಶೇಂಗಾ ಉಂಡೆ ಡಬ್ಬಿ ಕಟ್ಟುತ್ತಾ ನನ್ನನ್ನು ಕೇಳಿದಳು, "ಅಣ್ಣಾ, ಅಲ್ಲಿ ಅವರಿಗೆ ಎಲ್ಲಾ ಸಾಮಾನು ಚೆನ್ನಾಗಿರೋದೇ ಕೊಡ್ತಾರಾ?" ಕೊಡ್ತಾರಮ್ಮ ಅಂದೆ. ಬಸ್ಸು ಹತ್ತಿಸಿ ಬರುವಾಗ ದಾರಿ ಪೂರ್ತಿ ಆ ಶೇ 68 ನನ್ನ ತಲೆಯಲ್ಲಿತ್ತು. ಅದು 2018ರ ಲೆಕ್ಕ, ಈಗ ಎಷ್ಟಕ್ಕೆ ಬಂದಿದೆ ಅಂತ ಆ ತಾಯಿಗೆ ಯಾರು ಹೇಳಬೇಕು? ಅವಳು ಏಳನೇ ಕ್ಲಾಸ್ ಓದಿದ್ದಾಳೆ, ದಿನಾ ನಿಮ್ಮ ಪತ್ರಿಕೆ ಓದುತ್ತಾಳೆ. ಮುಂದಿನ ವರದಿ ಬಂದ ದಿನ ಕಾಲು ಪುಟ ಕೊಟ್ಟರೂ ಸಾಕು, ಕನ್ನಡದಲ್ಲಿ.

ಇಂತಿ,
ನಿವೃತ್ತ ನಾಯಬ್ ಸುಬೇದಾರ್, ಮದ್ರಾಸ್ ಸ್ಯಾಪರ್ಸ್
ಹಿರಿಯೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ